ನಾನು ಆಡಿದ ಶೈಲಾಕ್

ಹತ್ತನೆಯ ತರಗತಿಯಲ್ಲಿದ್ದಾಗ ಶಾಲಾ ವಾರ್ಷಿಕೋತ್ಸವಕ್ಕೆ ಶೇಕ್ಸ್‌ಪಿಯರನ 'ವೆನಿಸ್ಸಿನ ವರ್ತಕ' ನಾಟಕದ ನ್ಯಾಯಾಲಯದ ದೃಶ್ಯವನ್ನು ಕನ್ನಡದಲ್ಲಿ ಆಡಿದೆವು. ನಾನು ಶೈಲಾಕ್. ಸೆಣಬಿನ ನಾರಿನ ಗಡ್ಡ, ಅಮ್ಮನ ಅಡುಗೆಮನೆಯ ಚಾಕು, ದಿನಸಿ ಅಂಗಡಿಯಿಂದ ಕೇಳಿ ತಂದ ತಕ್ಕಡಿ. ಸಾಲ ತೀರಿಸದ ಆಂಟೋನಿಯೋನ ಎದೆಯಿಂದ ಒಂದು ಪೌಂಡ್ ಮಾಂಸ ಕೊಯ್ಯಲು ನಿಂತ ಯಹೂದಿ ಬಡ್ಡಿ ವ್ಯಾಪಾರಿ ಸೋತು ಹೊರಟಾಗ ಬಿದ್ದ ಚಪ್ಪಾಳೆ, ಸಿಳ್ಳೆ ಈಗಲೂ ಕಿವಿಯಲ್ಲಿದೆ. ಬಡ್ಡಿಯ ಕಾಟ ಕಂಡ ಊರು ನಮ್ಮದು. ಜನರ ಸಿಟ್ಟಿಗೆ ಕಾರಣವಿತ್ತು.

ಲಂಡನ್ನಿನ ಮೊದಲ ಪ್ರೇಕ್ಷಕರ ಸಿಟ್ಟಿನ ಕಥೆಯೇ ಬೇರೆ. ಇತಿಹಾಸದ ಮೇಷ್ಟ್ರಾದ ಮೇಲೆ ಅದನ್ನು ಓದಿ ತಿಳಿದೆ. ನಾಟಕ ಹುಟ್ಟಿದ್ದು 1596–98ರ ಸುಮಾರಿಗೆ. ದೊರೆ ಒಂದನೇ ಎಡ್ವರ್ಡ್ 1290ರಲ್ಲಿಯೇ ಯಹೂದಿಗಳನ್ನು ಇಂಗ್ಲೆಂಡಿನಿಂದ ಹೊರಹಾಕಿದ್ದ. ಅವರು ಮತ್ತೆ ಬಹಿರಂಗವಾಗಿ ನೆಲೆಸಲು ಸಾಧ್ಯವಾದದ್ದು 1656ರಲ್ಲಿ. ಅಂದಮೇಲೆ ಶೈಲಾಕನನ್ನು ಕಂಡು ಹಲ್ಲು ಕಡಿದವರಲ್ಲಿ ಹೆಚ್ಚಿನವರು, ಯಹೂದಿ ಎಂದು ತಿಳಿದು ಒಬ್ಬನೊಡನೆಯೂ ಮಾತಾಡಿರಲಾರರು. ಅವರಿಗೆ ಗೊತ್ತಿದ್ದದ್ದು ಕೇಳಿದ ಕಥೆಗಳು. ಯಹೂದಿ ಮೂಲದ ವೈದ್ಯ ರೊಡ್ರಿಗೋ ಲೋಪೆಜ್‌ನನ್ನು, ಎಲಿಜಬೆತ್ ರಾಣಿಗೆ ವಿಷವಿಕ್ಕಲು ಸಂಚು ಹೂಡಿದನೆಂದು 1594ರಲ್ಲಿ ಗಲ್ಲಿಗೇರಿಸಿದ್ದರು. ಮಾರ್ಲೋನ 'ಮಾಲ್ಟಾದ ಯಹೂದಿ' ನಾಟಕ ಅದೇ ವರ್ಷ ಮತ್ತೆ ಮತ್ತೆ ರಂಗವೇರಿತು. ಖಳನ ವೇಷ ಸಿದ್ಧವಾಗಿಯೇ ಇತ್ತು.

ಶೇಕ್ಸ್‌ಪಿಯರ್ ಆ ವೇಷವನ್ನೇ ತೊಡಿಸಿದ, ನಿಜ. ಆದರೆ ತನ್ನನ್ನು ನಾಯಿಯೆಂದು ಕರೆದದ್ದನ್ನು, ಮೈಮೇಲೆ ಉಗುಳಿದ್ದನ್ನು ಶೈಲಾಕನ ಬಾಯಿಂದಲೇ ಹೇಳಿಸಿದ. ಈ ಮಾತುಗಳಿಗೆ ತಕ್ಕ ನಟರು ಬರುವುದು ತಡವಾಯಿತು. 1741ರಲ್ಲಿ ಚಾರ್ಲ್ಸ್ ಮ್ಯಾಕ್ಲಿನ್ ಆಡಿದ ಶೈಲಾಕ್ ಮೈ ನಡುಗಿಸುವ ಕ್ರೂರಿ. 1814ರಲ್ಲಿ ಎಡ್ಮಂಡ್ ಕೀನ್ ರೂಢಿಯ ಕೆಂಪು ಕೂದಲು ಬಿಟ್ಟು ಕಪ್ಪು ಕೂದಲಿನಲ್ಲಿ ಬಂದ. ಜನ ಮೊದಲ ಸಲ ಮರುಗಿದರು. 1879ರಲ್ಲಿ ಹೆನ್ರಿ ಇರ್ವಿಂಗ್ ಅವನನ್ನು ಘನತೆಯುಳ್ಳ, ನೊಂದ ಮುದುಕನನ್ನಾಗಿ ಮಾಡಿದ. ಇಷ್ಟಾದ ಮೇಲೂ 1943ರಲ್ಲಿ, ಯಹೂದಿಗಳನ್ನು ಲಕ್ಷಗಟ್ಟಲೆ ಕೊಲ್ಲುತ್ತಿದ್ದಾಗ, ನಾಜಿಗಳ ಕೈಯಲ್ಲಿದ್ದ ವಿಯೆನ್ನಾದಲ್ಲಿ ಅದೇ ನಾಟಕವನ್ನು ದ್ವೇಷ ಬಿತ್ತಲು ಆಡಿಸಿದರು.

ನಮ್ಮ ಪ್ರದರ್ಶನದಲ್ಲಿ ಹೊತ್ತು ಸಾಲದೆಂದು ಕೊನೆಯ ಷರತ್ತೊಂದನ್ನು ಬಿಟ್ಟಿದ್ದೆವು. ಶೈಲಾಕ್ ತನ್ನ ಧರ್ಮ ಬಿಟ್ಟು ಕ್ರೈಸ್ತನಾಗಬೇಕು ಎಂಬುದು ಅದು. ಅದಕ್ಕೊಪ್ಪಿದ ಮೇಲೆ ಅವನು ಮೈ ಸರಿಯಿಲ್ಲ, ಹೋಗಲು ಬಿಡಿ ಎಂದಷ್ಟೇ ಕೇಳಿಕೊಳ್ಳುತ್ತಾನೆ. ನಾನೋ ಚಾಕು ಬೀಸಾಡಿ, ಕಾಲು ಅಪ್ಪಳಿಸುತ್ತ ಹೊರಟಿದ್ದೆ. ಚಪ್ಪಾಳೆ ಬಿದ್ದದ್ದು ಅದಕ್ಕೇ.