ಆಮಂತ್ರಣ ಎಲ್ಲ ಸದಸ್ಯರಿಗೂ ತಲುಪಲಿ

ದೃಷ್ಟಿ ಇಲ್ಲದ ಸದಸ್ಯರು ನಮ್ಮ ಪುಟವನ್ನು ಕಿವಿಯಿಂದ ಓದುತ್ತಾರೆ. ಆಂಡ್ರಾಯ್ಡ್ ಫೋನಿನ ಟಾಕ್‌ಬ್ಯಾಕ್, ಕಂಪ್ಯೂಟರಿನ ಉಚಿತ ತಂತ್ರಾಂಶ ಎನ್‌ವಿಡಿಎ ಕನ್ನಡವನ್ನೂ ಓದಿ ಹೇಳುತ್ತವೆ. ಆದರೆ ರಾಜ್ಯೋತ್ಸವದ ಆಮಂತ್ರಣವನ್ನು ನಾವು ಬರೀ ಚಿತ್ರವಾಗಿ ಹಾಕಿದರೆ, ಅವರಿಗೆ ಕೇಳಿಸುವುದು ಹೆಚ್ಚಾಗಿ ‘ಚಿತ್ರ’ ಎಂಬ ಸೂಚನೆ ಇಲ್ಲವೇ ಕಡತದ ಹೆಸರು. ದಿನ, ವೇಳೆ, ಸ್ಥಳ ತಿಳಿಯುವುದಿಲ್ಲ.

ಪುಟ ಸಿದ್ಧಪಡಿಸುವಾಗ ಗಮನಿಸಬೇಕಾದ್ದು:

ಬರಹ: ಚಿತ್ರದ ಕೆಳಗೆ ಅದೇ ವಿವರವನ್ನು ಯೂನಿಕೋಡ್ ಕನ್ನಡದಲ್ಲಿ ಟೈಪ್ ಮಾಡಿ. ಯೂನಿಕೋಡ್ ಅಲ್ಲದ ಹಳೆಯ ಫಾಂಟುಗಳ ಬರಹ ಕಣ್ಣಿಗೆ ಕನ್ನಡವಾಗಿ ಕಂಡರೂ ತಂತ್ರಾಂಶಕ್ಕೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು ಮಾತ್ರ.

ಭಾಷೆ: ಗಡಿನಾಡಿನ ನಮ್ಮ ಪುಟಗಳಲ್ಲಿ ಕನ್ನಡದ ಜೊತೆ ಮರಾಠಿ, ತಮಿಳು, ಮಲಯಾಳಂ, ತೆಲುಗು ಬರುವುದು ಸಹಜ. ಆಯಾ ಭಾಗಕ್ಕೆ ಭಾಷಾ ಸಂಕೇತ ಕೊಡಿ, ಕನ್ನಡಕ್ಕೆ ‘ಕೆಎನ್’. ಆಗ ತಂತ್ರಾಂಶ ತಕ್ಕ ಭಾಷೆಯ ಧ್ವನಿಯಲ್ಲಿ ಓದಬಲ್ಲದು.

ಬಣ್ಣ: ಅಂತರರಾಷ್ಟ್ರೀಯ ವೆಬ್ ಮಾರ್ಗಸೂಚಿಯಂತೆ ಸಣ್ಣ ಅಕ್ಷರಕ್ಕೂ ಹಿನ್ನೆಲೆಗೂ ಕನಿಷ್ಠ 4.5:1 ವ್ಯತ್ಯಾಸ ಬೇಕು. ನಮ್ಮ ಮೆಚ್ಚಿನ ಅರಿಶಿನ–ಕುಂಕುಮವೇ ಇಲ್ಲಿ ಸೋಲುತ್ತದೆ: ಅಚ್ಚ ಹಳದಿಯ ಮೇಲೆ ಅಚ್ಚ ಕೆಂಪಿಗೆ ಸುಮಾರು 3.7:1 ಮಾತ್ರ. ದೊಡ್ಡ ತಲೆಬರಹಕ್ಕೆ ಅದು ಸಾಕು, ವಿವರಗಳಿಗೆ ಕಪ್ಪು ಬಳಸಿ.

ವಿಡಿಯೋ: ಕಿವಿ ಕೇಳಿಸದವರಿಗಾಗಿ ಭಾಷಣಕ್ಕೆ ಕನ್ನಡ ಅಡಿಬರಹ ಕೊಡಿ.

ಪ್ರಕಟಿಸಿದ ಮೇಲೆ ಟಾಕ್‌ಬ್ಯಾಕ್ ಚಾಲೂ ಮಾಡಿ, ಪರದೆ ನೋಡದೆ ಒಮ್ಮೆ ಕೇಳೋಣ. ಕಾರ್ಯಕ್ರಮ ಎಂದು, ಎಲ್ಲಿ ಎಂಬುದು ನಮಗೆ ತಿಳಿಯದಿದ್ದರೆ ಅವರಿಗೂ ತಿಳಿಯದು.