ನಮ್ಮ ಕೊಟ್ಟಿಗೆಗೆ ಸೀಮೆ ಹಸು ಬಂದ ದಾರಿ



ಬೆಳ್ಳಿಹಬ್ಬದ ಸಂಚಿಕೆಗೆ ಏನಾದರೂ ಬರೆದುಕೊಡಿ ಎಂದು ಕಾರ್ಯದರ್ಶಿಗಳು ಕೇಳಿದಾಗ, ಹಾಲಿನ ಲೆಕ್ಕ ಬೋನಸ್ಸಿನ ಲೆಕ್ಕ ಬರೆಯಲು ಅವರೇ ಇದ್ದಾರೆ, ನಾವು ಹಸುವಿನ ಚರಿತ್ರೆ ಬರೆಯೋಣ ಎಂದುಕೊಂಡೆವು. ದಿನಾ ಎರಡು ಹೊತ್ತು ಡೈರಿಗೆ ಬರುವ ಹಾಲಿನಲ್ಲಿ ಮುಕ್ಕಾಲು ಪಾಲಿಗಿಂತ ಹೆಚ್ಚು ಮಿಶ್ರತಳಿ ಹಸುವಿನದು. ಆ ಹಸು ಎಲ್ಲಿಂದ ಬಂತು ಎಂದು ಕೇಳಿದರೆ ನಮ್ಮ ಹುಡುಗರು "ಸಂತೆಯಿಂದ" ಅಂತಾರೆ.

ಹಿಂದೆ ನಮ್ಮ ಸೀಮೆಯಲ್ಲಿ ದನ ಸಾಕುತ್ತಿದ್ದದ್ದು ಹಾಲಿಗಲ್ಲ, ನೊಗಕ್ಕೆ. ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಅರಮನೆಯ ದನಗಳಿಗೆ 'ಬೆಣ್ಣೆ ಚಾವಡಿ' ಎಂಬ ಇಲಾಖೆ ಇತ್ತು. ಟಿಪ್ಪು ಸುಲ್ತಾನರು ಅದಕ್ಕೆ 'ಅಮೃತ ಮಹಲ್' ಎಂದು ಹೆಸರಿಟ್ಟರು. ಹೆಸರು ಬೆಣ್ಣೆ, ಅಮೃತ. ಆದರೆ ಹೆಸರಾದದ್ದು ಫಿರಂಗಿ ಎಳೆಯುವುದಕ್ಕೆ! ನಾವು ಹುಡುಗರಾಗಿದ್ದಾಗ ನಮ್ಮ ತಂದೆಯವರ ಕೊಟ್ಟಿಗೆಯಲ್ಲಿ ಇದ್ದದ್ದೂ ಹಳ್ಳಿಕಾರ್ ಎತ್ತುಗಳೇ. ಹಸು ಇತ್ತು, ಕರು ಕುಡಿದು ಬಿಟ್ಟದ್ದನ್ನು ಕರೆದರೆ ಮನೆಯ ಕಾಫಿಗೆ ಆಗುತ್ತಿತ್ತು ಅಷ್ಟೆ. ಹಾಲು ಮಾರುವ ಮಾತೇ ಇರಲಿಲ್ಲ.

ಬೆಂಗಳೂರಿನ ಇಂಪೀರಿಯಲ್ ಡೈರಿ ಸಂಸ್ಥೆಯಲ್ಲಿ ಬ್ರಿಟಿಷರ ಕಾಲದಲ್ಲೇ ಐರ್‌ಶೈರ್ ಎಂಬ ಸೀಮೆ ಹೋರಿಯನ್ನು ನಮ್ಮ ದೇಶದ ಹಸುಗಳಿಗೆ ಕೂಡಿಸಿ ನೋಡಿದ್ದರು. 1927ರಲ್ಲಿ ಗಾಂಧೀಜಿಯವರು ಅಲ್ಲಿಗೆ ಹೋಗಿ ದನ ಸಾಕುವ ವಿಚಾರ ಕಲಿತರು. ಆದರೆ ನಮಗೆ ಹೆಮ್ಮೆಯ ಸಂಗತಿ ಮೈಸೂರಿನದು. 1939ರಲ್ಲಿ ಅರಮನೆಯ ಡೈರಿ ಫಾರಂನಲ್ಲಿ ಡಾ. ಸಂಪತ್ ಕುಮಾರನ್ ಅವರು ಹೋಲ್‌ಸ್ಟೀನ್ ಹೋರಿಯ ವೀರ್ಯ ಹಾಕಿ 33 ಹಳ್ಳಿಕಾರ್ ಹಸುಗಳನ್ನು ಗಬ್ಬ ನಿಲ್ಲಿಸಿದರು. ಭಾರತದಲ್ಲಿ ಕೃತಕ ಗರ್ಭಧಾರಣೆ ಮೊದಲು ನಡೆದದ್ದು ಇಲ್ಲೇ, ಅದೂ ನಮ್ಮ ನಾಟಿ ಹಸುವಿನ ಮೇಲೆ.

ಆ ಕಾಲದ ವೀರ್ಯ ಕೆಲವೇ ದಿನ ಕೆಡದೆ ಇರುತ್ತಿತ್ತು. ಹಳ್ಳಿಗೆ ತರುವಷ್ಟರಲ್ಲಿ ಅದರ ಕೆಲಸ ಮುಗಿದೇ ಹೋಗುತ್ತಿತ್ತು. ದ್ರವ ಸಾರಜನಕದಲ್ಲಿ ಸೊನ್ನೆಗಿಂತ 196 ಡಿಗ್ರಿ ಕೆಳಗೆ ಇಟ್ಟರೆ ವರ್ಷಗಟ್ಟಲೆ ಉಳಿಯುತ್ತದೆ ಎಂದಾದ ಮೇಲೆ ದಾರಿ ತೆರೆಯಿತು. 1969ರಲ್ಲಿ ಡೆನ್ಮಾರ್ಕ್ ಸರ್ಕಾರದ ನೆರವಿನಿಂದ ಹೆಸರಘಟ್ಟದಲ್ಲಿ ವೀರ್ಯದ ಬ್ಯಾಂಕು ಆಯಿತು. 1974ರಲ್ಲಿ ವಿಶ್ವಬ್ಯಾಂಕಿನ ಡೈರಿ ಯೋಜನೆ ಬಂತು, 1984ರಲ್ಲಿ ಕರ್ನಾಟಕ ಹಾಲು ಮಹಾಮಂಡಳಿ ಆಯಿತು. ಇದೆಲ್ಲ ನಿಮಗೆ ಗೊತ್ತಿದ್ದದ್ದೇ.

ಈಗ ತಳಿ ಲೆಕ್ಕಕ್ಕೆ ಬರೋಣ. ನಾಟಿ ಹಸುವಿಗೆ ಸೀಮೆ ಹೋರಿಯದು ಹಾಕಿದರೆ ಹುಟ್ಟುವ ಕರುವಿನಲ್ಲಿ ಸೀಮೆ ರಕ್ತ ಎಂಟಾಣೆ. ಈ ಮೊದಲ ಪೀಳಿಗೆ ಬಹಳ ಚೆನ್ನ. ತಂದೆಯ ಹಾಲೂ ಇರುತ್ತದೆ, ಬಿಸಿಲು ಉಣ್ಣೆ ತಡೆಯುವ ತಾಯಿಯ ಗುಣವೂ ಇರುತ್ತದೆ. ಅದರ ಹಾಲು ನೋಡಿ ನಮಗೆ ಆಸೆ ಹತ್ತಿತು. ಆ ಕರು ಬೆದೆಗೆ ಬಂದಾಗ ಮತ್ತೆ ಎಚ್.ಎಫ್. ಹಾಕಿಸಿದೆವು, ಹನ್ನೆರಡಾಣೆ ಆಯಿತು. ಅದರ ಮಗಳಿಗೂ ಎಚ್.ಎಫ್., ಹದಿನಾಲ್ಕಾಣೆ. ಸರ್ಕಾರದ ತಳಿ ನೀತಿಗಳು ಸಾಮಾನ್ಯವಾಗಿ ಹೇಳುವುದು ಶೇ. 50ರಿಂದ 62.5, ಅಂದರೆ ಎಂಟಾಣೆಯಿಂದ ಹತ್ತಾಣೆ. ನಾವು ಹತ್ತಾಣೆ ಯಾವಾಗ ದಾಟಿದೆವೋ ನಮಗೇ ತಿಳಿಯಲಿಲ್ಲ. ಏಪ್ರಿಲ್ ಬಿಸಿಲಿಗೆ ಹಸು ಬಾಯಿ ಬಿಟ್ಟು ಏದುಸಿರು ಬಿಡಲು ಶುರುವಾದಾಗ, ಜ್ವರ, ಕೆಚ್ಚಲು ಬಾವು ಎಂದು ಔಷಧಿಗೆ ಹಾಲಿನ ಬಿಲ್ಲು ಹೋದಾಗ ಗೊತ್ತಾಯಿತು.

ನಮ್ಮ ತಪ್ಪನ್ನೂ ಹೇಳಿಬಿಡುತ್ತೇವೆ. ನಮ್ಮಲ್ಲಿ ಗೌರಿ ಎಂಬ ಸಣ್ಣ ಮೈಯ ನಾಟಿ ಕಡಸು ಇತ್ತು. ಬೆದೆಗೆ ಬಂದ ದಿನ ಸೂಜಿ ಹಾಕುವವರನ್ನು ಕರೆಸಿ "ದೊಡ್ಡ ಜಾತೀದೇ ಹಾಕಿ ಸ್ವಾಮಿ" ಅಂದೆವು. ಅವರು ಬೇಡ ಅನ್ನಲಿಲ್ಲ, ನಾವೂ ಕೇಳಲಿಲ್ಲ. ಚೊಚ್ಚಲ ಹೆರಿಗೆಯಲ್ಲಿ ಕರು ಸಿಕ್ಕಿಕೊಂಡಿತು. ರಾತ್ರಿಯಿಡೀ ಒದ್ದಾಡಿ ಬೆಳಗಿನ ಜಾವ ತಾಯಿ, ಕರು ಎರಡೂ ಹೋದವು. ಅಂಥ ಕಡಸಿಗೆ ಜರ್ಸಿ ಹಾಕಿಸಿದ್ದರೆ ಕರು ಸಣ್ಣದಿರುತ್ತಿತ್ತು ಎಂದು ಆಮೇಲೆ ಡಾಕ್ಟರು ಹೇಳಿದರು. ನಮ್ಮ ತಾಯಿಯವರು ಮೂರು ದಿನ ಕೊಟ್ಟಿಗೆ ಕಡೆ ಹೋಗಲಿಲ್ಲ.

ಇನ್ನೊಂದು ತಪ್ಪು ಊರಿನವರೆಲ್ಲರದು. ವೀರ್ಯದ ಕಡ್ಡಿಯ ಮೇಲೆ ಹೋರಿಯ ನಂಬರು, ತಳಿ ಎಲ್ಲ ಅಚ್ಚಾಗಿರುತ್ತದೆ. ಅದನ್ನು ಓದದೆ ತಿಪ್ಪೆಗೆ ಎಸೆಯುತ್ತೇವೆ. ಎರಡು ಮೂರು ವರ್ಷಕ್ಕೆ ಮಗಳು ಬೆದೆಗೆ ಬಂದಾಗ ಅದೇ ಹೋರಿಯದೇ ಬಿದ್ದರೆ? ಮನುಷ್ಯರಲ್ಲಿ ಗೋತ್ರ, ಬೆಡಗು ನೋಡದೆ ಹೆಣ್ಣು ತರದ ನಾವು ಹಸುವಿಗೆ ಅಪ್ಪನನ್ನೇ ಗಂಡು ಮಾಡುತ್ತೇವೆ. ಹಾಗೆ ಹುಟ್ಟಿದ ಕರುಗಳಲ್ಲಿ ಬಡಕಲು ಹೆಚ್ಚು, ಸಾಯುವುದೂ ಹೆಚ್ಚು, ಗಬ್ಬ ನಿಲ್ಲುವುದು ಕಷ್ಟ.

ಹಳ್ಳಿಕಾರ್ ವಿಷಯವೂ ಇದೆ. ಊರಿನಲ್ಲಿ ಉಳಿದಿರುವ ಒಳ್ಳೆಯ ಹಳ್ಳಿಕಾರ್ ಹಸುಗಳಿಗೆ ಹಳ್ಳಿಕಾರ್ ಹೋರಿಯದನ್ನೇ ಹಾಕಿಸಬೇಕು ಎಂಬುದು ನಮ್ಮ ಅಭಿಪ್ರಾಯ. ಹಾಲಿಗೆ ಬೇರೆ ಹಸು ಇವೆಯಲ್ಲ. ತಾಯಿ ತಳಿಯೇ ಮುಗಿದರೆ ಆ ಎಂಟಾಣೆ ಕರುವನ್ನು ಮುಂದೆ ಯಾರ ಹೊಟ್ಟೆಯಲ್ಲಿ ಹುಟ್ಟಿಸುತ್ತೀರಿ? ಇದಕ್ಕೆ ಆಡಳಿತ ಮಂಡಳಿಯಲ್ಲಿ ಎಲ್ಲರೂ ಒಪ್ಪಿಲ್ಲ, ಹಾಲು ಕೊಡದ ಹಸುವಿಗೆ ಹುಲ್ಲು ಯಾರು ಹಾಕೋದು ಅಂತಾರೆ. ಅವರ ಮಾತಿನಲ್ಲೂ ನಿಜ ಇದೆ.

ಒಪ್ಪಿದ್ದು ಒಂದು ಪುಸ್ತಕಕ್ಕೆ. ಹಸುವಿನ ಕಿವಿ ಓಲೆ ನಂಬರು, ತಾಯಿ, ತಂದೆ ಹೋರಿಯ ನಂಬರು, ಸೂಜಿ ಹಾಕಿಸಿದ ದಿನ, ಇಷ್ಟೇ ಅದರಲ್ಲಿ. ಖಾಲಿ ಕಡ್ಡಿಯನ್ನು ಹಾಲು ತರುವಾಗ ಜೇಬಿನಲ್ಲಿ ಹಾಕಿಕೊಂಡು ಬಂದರೆ ಕಾರ್ಯದರ್ಶಿಗಳೇ ಬರೆದುಕೊಳ್ಳುತ್ತಾರೆ. ಪುಸ್ತಕ ಫ್ಯಾಟ್ ಮಿಷನ್ನಿನ ಪಕ್ಕ ಇದೆ. ಮೊದಲನೇ ಪುಟದಲ್ಲಿ ನಮ್ಮ ಮನೆಯ ಎರಡು ಹಸುಗಳಿವೆ. ಎರಡಕ್ಕೂ ತಂದೆಯ ಕಾಲಂ ಖಾಲಿ.