ಗಾಜಿನ ತಟ್ಟೆಯ ನರಕೋಶಕ್ಕೆ ಎಷ್ಟು ಕರೆಂಟು ಕೊಡಬಹುದು?

1972ರಲ್ಲಿ ಥಾಮಸ್ ಮತ್ತು ಸಂಗಡಿಗರು ಗಾಜಿನ ಮೇಲೆ ಚಿನ್ನದ ಪುಟ್ಟ ಎಲೆಕ್ಟ್ರೋಡ್‌ಗಳನ್ನು ಮೂಡಿಸಿ, ಅವುಗಳ ಮೇಲೆ ಕೋಳಿಭ್ರೂಣದ ಹೃದಯಕೋಶಗಳನ್ನು ಬೆಳೆಸಿದರು. ಕೋಶಗಳು ಮಿಡಿದಂತೆಲ್ಲ ಎಲೆಕ್ಟ್ರೋಡ್‌ಗಳಲ್ಲಿ ಸಂಕೇತ ಕಂಡಿತು. ಮೈಕ್ರೋಎಲೆಕ್ಟ್ರೋಡ್ ಅರೇ ಹುಟ್ಟಿದ್ದು ಹೀಗೆ. 1980ರಲ್ಲಿ ಕ್ಯಾಲ್ಟೆಕ್‌ನ ಜೆರೋಮ್ ಪೈನ್ 32 ಎಲೆಕ್ಟ್ರೋಡ್‌ಗಳ ಅರೇ ಮೇಲೆ ಇಲಿಯ ನರಕೋಶಗಳನ್ನು ಬೆಳೆಸಿ ಅವುಗಳ ಸಂಕೇತ ದಾಖಲಿಸಿದರು. ಸಂಕೇತ ಹಿಡಿಯುವ ಎಲೆಕ್ಟ್ರೋಡಿನಿಂದಲೇ ಕೋಶವನ್ನು ಪ್ರಚೋದಿಸಲೂಬಹುದು. ಆದರೆ ದಾಖಲಾತಿಯಲ್ಲಿ ಇಲ್ಲದ ಅಪಾಯ ಪ್ರಚೋದನೆಯಲ್ಲಿದೆ.

ಲೋಹದಲ್ಲಿ ಹರಿಯುವುದು ಎಲೆಕ್ಟ್ರಾನ್, ಕೋಶಗಳು ಮುಳುಗಿರುವ ದ್ರವದಲ್ಲಿ ಹರಿಯುವುದು ಅಯಾನು. ಇವೆರಡರ ಗಡಿಯಲ್ಲಿ ವಿದ್ಯುದಾವೇಶ ಸುಮ್ಮನೆ ಶೇಖರವಾಗಿ ಮರಳಿದರೆ ತೊಂದರೆಯಿಲ್ಲ. ವೋಲ್ಟೇಜು ಮಿತಿ ಮೀರಿದರೆ ನೀರೇ ಒಡೆಯುತ್ತದೆ: ಅನಿಲದ ಗುಳ್ಳೆ ಏಳುತ್ತದೆ, ಆಮ್ಲೀಯತೆ ಬದಲಾಗುತ್ತದೆ, ಲೋಹ ಕರಗತೊಡಗುತ್ತದೆ. ಪ್ಲಾಟಿನಂಗೆ ಈ ಮಿತಿ, ಬೆಳ್ಳಿ-ಬೆಳ್ಳಿ ಕ್ಲೋರೈಡ್ ಎಲೆಕ್ಟ್ರೋಡಿಗೆ ಹೋಲಿಸಿ ಅಳೆದರೆ, ಸುಮಾರು –0.6ರಿಂದ +0.8 ವೋಲ್ಟ್.

ಪರಿಹಾರದ ಮೊದಲ ಹೆಜ್ಜೆ ಅರೇಗಿಂತ ಹಳೆಯದು. 1955ರಲ್ಲಿ ಜಾನ್ ಲಿಲ್ಲಿ ತಂಡ ಮಂಗನ ಮೆದುಳಿನ ಮೇಲೆ ಜೋಡಿ ಪಲ್ಸ್ ಪ್ರಯೋಗಿಸಿತು. ಒಂದು ದಿಕ್ಕಿನಲ್ಲಿ ಕೊಟ್ಟಷ್ಟೇ ಆವೇಶವನ್ನು ತಕ್ಷಣ ಎದುರು ದಿಕ್ಕಿನಲ್ಲಿ ಹಿಂತೆಗೆಯುವ ಉಪಾಯವದು. ಇಂದಿಗೂ ಈ ಕ್ಷೇತ್ರ ನಿಂತಿರುವುದು ಅದರ ಮೇಲೆ. ಆದರೆ ಕೊಟ್ಟದ್ದನ್ನು ಪೂರ್ತಿ ಹಿಂತೆಗೆದ ಮಾತ್ರಕ್ಕೆ ಸುರಕ್ಷತೆ ಸಿಗುವುದಿಲ್ಲ. ಮೊದಲ ಅರ್ಧದಲ್ಲೇ ವೋಲ್ಟೇಜು ಗಡಿ ದಾಟಿದ್ದರೆ, ಆಗ ಹುಟ್ಟಿದ ಅನಿಲವನ್ನು ಎರಡನೆಯ ಅರ್ಧ ಮರಳಿ ನೀರಾಗಿಸಲಾರದು.

ಇಲ್ಲಿಂದ ಮುಂದಿನದು ಬಹುಮಟ್ಟಿಗೆ ವಸ್ತುಗಳ ಚರಿತ್ರೆ. 30 ಮೈಕ್ರೋಮೀಟರ್ ವ್ಯಾಸದ ಎಲೆಕ್ಟ್ರೋಡಿನ ವಿಸ್ತೀರ್ಣ ಸುಮಾರು 707 ಚದರ ಮೈಕ್ರೋಮೀಟರ್. ಅದರ ಮೂಲಕ 20 ಮೈಕ್ರೋಆಂಪಿಯರ್ ಕರೆಂಟನ್ನು 0.2 ಮಿಲಿಸೆಕೆಂಡ್ ಹರಿಸಿದರೆ 4 ನ್ಯಾನೋಕೂಲಂಬ್ ಆವೇಶ, ಎಂದರೆ ಚದರ ಸೆಂಟಿಮೀಟರಿಗೆ ಸುಮಾರು 570 ಮೈಕ್ರೋಕೂಲಂಬ್. ಪ್ಲಾಟಿನಂ ತಾಳುವುದು 50ರಿಂದ 150 ಮಾತ್ರ. ಅದೇ ಪಲ್ಸು ರಂಧ್ರಮಯ ಟೈಟಾನಿಯಂ ನೈಟ್ರೈಡಿಗೆ ಸಹ್ಯ. ಅದರ ಮಿತಿ ಸುಮಾರು 1000. ಇರಿಡಿಯಂ ಆಕ್ಸೈಡಿನ ಮಿತಿ 1000ದಿಂದ 5000. ಕರೆಂಟು ಒಂದೇ ಆದರೂ ಒಂದು ತಟ್ಟೆಯಲ್ಲಿ ಪ್ರಯೋಗ ನಡೆಯುತ್ತದೆ, ಇನ್ನೊಂದರಲ್ಲಿ ಕೋಶಗಳು ಸಾಯುತ್ತವೆ. ಕರೆಂಟಿನ ಅಂಕಿಯನ್ನಷ್ಟೇ ಬರೆದ ವರದಿಯಿಂದ ಪ್ರಯೋಜನವಿಲ್ಲ ಎಂದು ನಾನು ಹೇಳುವುದು ಇದಕ್ಕೇ.

2004ರಲ್ಲಿ ವಾಗೆನಾರ್, ಪೈನ್ ಮತ್ತು ಪಾಟರ್ ಯಾವ ಬಗೆಯ ಪಲ್ಸು ಕೊಡಬೇಕೆಂಬ ಪ್ರಶ್ನೆಯನ್ನು ತಟ್ಟೆಯ ನರಕೋಶಗಳಲ್ಲೇ ಕ್ರಮವಾಗಿ ಪರೀಕ್ಷಿಸಿದರು. ಕೋಶಗಳನ್ನು ಎಬ್ಬಿಸುವುದರಲ್ಲಿ ಋಣ ಕರೆಂಟು ಧನ ಕರೆಂಟಿಗಿಂತ ಪರಿಣಾಮಕಾರಿ; ವೋಲ್ಟೇಜನ್ನು ನಿಯಂತ್ರಿಸುವಾಗ ಮೊದಲು ಧನ, ಬಳಿಕ ಋಣ ಪಲ್ಸು ಉತ್ತಮ ಎಂದು ತೋರಿಸಿದರು. ನನ್ನ ದೃಷ್ಟಿಯಲ್ಲಿ ಈ ಕ್ಷೇತ್ರದ ಅತ್ಯಂತ ಉಪಯುಕ್ತ ಪ್ರಬಂಧಗಳಲ್ಲಿ ಇದೊಂದು. ವೋಲ್ಟೇಜು ಕೈಯಲ್ಲಿದ್ದರೆ ನೀರು ಒಡೆಯುವ ಗಡಿಯೊಳಗೆ ಉಳಿಯುವುದು ಸುಲಭ. ಕರೆಂಟನ್ನು ಹಿಡಿದಿಟ್ಟರೆ ಆವೇಶದ ಲೆಕ್ಕ ಖಚಿತ, ವೋಲ್ಟೇಜು ಮಾತ್ರ ತನ್ನಿಷ್ಟದಂತೆ ಏರುತ್ತದೆ.

ಇಷ್ಟಾದರೂ ಸುರಕ್ಷತೆಯ ಮಾತು ಬಂದಾಗ ಬಹಳ ಮಂದಿ ಉಲ್ಲೇಖಿಸುವುದು ಸುರಕ್ಷಿತ ಆವೇಶದ ಮಿತಿಯನ್ನು ಅಂದಾಜಿಸುವ 1992ರ ಶಾನನ್ ಸೂತ್ರವನ್ನು. ಅದರ ಆಧಾರ ಬೆಕ್ಕಿನ ಮೆದುಳಿನ ಮೇಲೆ ದೊಡ್ಡ ಎಲೆಕ್ಟ್ರೋಡ್‌ಗಳನ್ನಿಟ್ಟು ನಡೆಸಿದ ಪ್ರಯೋಗಗಳು. ತಟ್ಟೆಯಲ್ಲಿ ರಕ್ತಪ್ರವಾಹವಿಲ್ಲ, ಕೋಶವು ಎಲೆಕ್ಟ್ರೋಡಿಗೆ ಹೆಚ್ಚುಕಡಿಮೆ ಅಂಟಿಕೊಂಡೇ ಇರುತ್ತದೆ. ಆ ಸೂತ್ರವನ್ನು ಇಲ್ಲಿಗೆ ಹಾಗೆಯೇ ತರುವುದು ಸರಿಯಲ್ಲ.

ಅರೇಗಳು ಈಗ ಬಹುದೂರ ಬಂದಿವೆ. ಜ್ಯೂರಿಕ್‌ನ ಈಟಿಎಚ್‌ನಲ್ಲಿ 2014ರಲ್ಲಿ ರೂಪುಗೊಂಡ ಚಿಪ್ಪಿನಲ್ಲಿ 26,400 ಎಲೆಕ್ಟ್ರೋಡ್‌ಗಳಿವೆ. ಮೆಲ್ಬರ್ನ್‌ನ ಕಾರ್ಟಿಕಲ್ ಲ್ಯಾಬ್ಸ್ 2022ರಲ್ಲಿ ತಟ್ಟೆಯ ನರಕೋಶಗಳಿಗೆ ಪಾಂಗ್ ಆಟದ ಚೆಂಡಿನ ಸ್ಥಾನವನ್ನು ವಿದ್ಯುತ್ ಪಲ್ಸ್‌ಗಳ ಮೂಲಕವೇ ತಿಳಿಸಿತು. ಆದರೆ ಎಲೆಕ್ಟ್ರೋಡ್ ಚಿಕ್ಕದಾದಷ್ಟೂ ಅದು ತಾಳುವ ಒಟ್ಟು ಆವೇಶ ಕಡಿಮೆ. ಪ್ರಚೋದನೆಯ ಅವಧಿ ಹೆಚ್ಚಿದಷ್ಟೂ ಸಣ್ಣ ಹಾನಿಗಳು ಕೂಡುತ್ತ ಹೋಗುತ್ತವೆ. ಆದ್ದರಿಂದ ಈ ಕೆಲಸಕ್ಕೆ ಇಳಿಯುವ ಸಂಶೋಧಕರಲ್ಲಿ ನನ್ನ ವಿನಂತಿ: ಕರೆಂಟಿನ ಜೊತೆಗೆ ಎಲೆಕ್ಟ್ರೋಡಿನ ವಸ್ತು, ವಿಸ್ತೀರ್ಣ ಮತ್ತು ಪಲ್ಸಿನ ವೇಳೆ ಅಳೆದ ವೋಲ್ಟೇಜನ್ನೂ ಪ್ರಕಟಿಸಿ.